ಬೋಲ್ಟಿನ ಮೇಲಿನ ಹಳದಿ ಚುಕ್ಕೆ

ಬುಗುರಿ ಮೇಸ್ತ್ರಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ನಲವತ್ತು ವರ್ಷದಿಂದ ಕಾರು ರಿಪೇರಿ ಮಾಡುತ್ತಿರುವ ಈ ಮನುಷ್ಯ ಒಂದೇ ಕಡೆ ಎರಡು ನಿಮಿಷ ನಿಂತದ್ದನ್ನು ಕಂಡವರಿಲ್ಲ. ಊಟಕ್ಕೆ ಕೂತರೂ ಒಂದು ಕಾಲು ಬಾಗಿಲ ಕಡೆಗೇ ಇರುತ್ತದೆ. ಅವನ ಮದುವೆಯ ಫೋಟೋದಲ್ಲಿ ಹೆಂಡತಿಯ ಪಕ್ಕಕ್ಕೆ ಹೊಗೆಯಂಥದ್ದೇನೋ ಕಾಣುತ್ತದೆ. "ಅದೇ ಇವರು" ಎಂದು ಆಕೆ ಬಂದವರಿಗೆಲ್ಲ ತೋರಿಸುತ್ತಾಳೆ. ಗ್ಯಾರೇಜಿನಲ್ಲೂ ಅಷ್ಟೇ. ಕೊನೆಯ ಬೋಲ್ಟು ಬಿಗಿದದ್ದೇ ತಡ, ಸ್ಪ್ಯಾನರನ್ನು ಎಲ್ಲಿ ಕೈಬಿಟ್ಟನೋ ಅಲ್ಲೇ ಬಿಟ್ಟು ಹಿಂದಿನ ನಲ್ಲಿಗೆ ಕೈ ತೊಳೆಯಲು ಓಡುತ್ತಾನೆ. ಮುಗಿದ ಕೆಲಸದ ಮುಂದೆ ನಿಂತುಕೊಂಡು ಮಾಡುವುದೇನಿದೆ, ಅದೇನು ಎದ್ದು ಬಂದು ಶೇಕ್‌ಹ್ಯಾಂಡ್ ಕೊಡುತ್ತದೆಯೇ ಎಂಬುದು ಅವನ ವಾದ.

ಗ್ಯಾರೇಜು ಅಪ್ಪನ ಕಾಲದ್ದು. ತಗಡಿನ ಮಾಡು, ಒಳಗೆ ಎರಡು ಕಾರು ಹಿಡಿಯುವಷ್ಟು ಜಾಗ, ಗೋಡೆಯ ಮೇಲೆ ಪ್ರತಿ ಸ್ಪ್ಯಾನರಿಗೂ ಅದರದೇ ಆಕಾರದ ನೆರಳನ್ನು ಅಪ್ಪ ಬಣ್ಣದಲ್ಲಿ ಬರೆದಿಟ್ಟಿದ್ದ. ಆ ನೆರಳುಗಳಿಗೆ ಸ್ಪ್ಯಾನರುಗಳನ್ನು ಸಂಜೆ ವಾಪಸು ಸೇರಿಸುವವಳು ತಂಗಿ. ಅಣ್ಣನಿಗಿಂತ ಒಂಬತ್ತು ವರ್ಷ ಚಿಕ್ಕವಳು. ಅಪ್ಪನ ಹತ್ತಿರ ಅವನ ಜೊತೆಗೇ ಕೆಲಸ ಕಲಿತವಳು. ಅವನು ಅವಸರದವನು, ಅವಳು ನಿಧಾನ. ಬೆಳಿಗ್ಗೆಯಿಂದ ಸಂಜೆಯವರೆಗೆ ಇಬ್ಬರೂ ಜಗಳವಾಡುತ್ತಾರೆ. ಜಗಳವಿಲ್ಲದ ದಿನ ಯಾರಿಗೋ ಜ್ವರ ಬಂದಿದೆ ಎಂದೇ ಪಕ್ಕದ ಟಯರ್ ಅಂಗಡಿಯವನ ಲೆಕ್ಕಾಚಾರ.

ಜನ ಬರುತ್ತಿದ್ದದ್ದು ಮೇಸ್ತ್ರಿಯ ಕೈಗುಣಕ್ಕೆ. "ಅವರು ಕೈ ಇಟ್ರೆ ಸಾಕು" ಎನ್ನುತ್ತಿದ್ದರು. ಒಂದು ಕಾಲದಲ್ಲಿ ಈ ಮಾತು ಕೇಳಿದರೆ ಅವನ ಎದೆ ಅರ್ಧ ಅಂಗುಲ ಅಗಲವಾಗುತ್ತಿತ್ತು. ಈಚೆಗೆ ಚುಚ್ಚುತ್ತಿತ್ತು. ಯಾಕೆಂದರೆ ಅವನ ಬಲಗೈ ನಡುಗಲು ಶುರುವಾಗಿ ವರ್ಷ ಕಳೆದಿತ್ತು. ಮೊದಮೊದಲು ಕಿರುಬೆರಳು ಮಾತ್ರ. ಆಮೇಲೆ ಮಣಿಕಟ್ಟು. ಹಿಡಿತವೂ ಮೊದಲಿನದಲ್ಲ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಕೈಯಲ್ಲಿ ಸದಾ ಒಂದು ಒರೆಸುವ ಬಟ್ಟೆ ಹಿಡಿದಿರುತ್ತಿದ್ದ, ಮೊದಲಿಗಿಂತ ಜಾಸ್ತಿ ಓಡಾಡುತ್ತಿದ್ದ. ಇಡೀ ಮನುಷ್ಯನೇ ಅಲ್ಲಾಡುತ್ತಿರುವಾಗ ಒಂದು ಕೈ ಅಲ್ಲಾಡುವುದು ಯಾರ ಕಣ್ಣಿಗೆ ಬೀಳುತ್ತದೆ? ಬುಗುರಿ ಎಂಬ ಹೆಸರೇ ಅವನನ್ನು ಕಾಪಾಡಿಕೊಂಡು ಬಂದಿತ್ತು.

ಸುತ್ತಲಿನವರೂ ಈಚೆಗೆ ಸ್ವಲ್ಪ ವಿಚಿತ್ರವಾಗಿ ಆಡುತ್ತಿದ್ದಾರೆ ಎಂದು ಅವನಿಗೆ ಅನ್ನಿಸುತ್ತಿತ್ತು. ಹೆಂಡತಿ ಲೋಟದಲ್ಲಿ ಅರ್ಧವೇ ಟೀ ಕೊಡುತ್ತಿದ್ದಳು. "ಮಿಕ್ಕಿದ್ದು ಯಾರಿಗೆ?" ಎಂದರೆ "ಒಳಗಿದೆ, ಇದು ಮುಗೀಲಿ, ಮತ್ತೆ ಹಾಕ್ತೀನಿ" ಎನ್ನುತ್ತಿದ್ದಳು. ವಯಸ್ಸಾದಂತೆ ಇವಳ ಕೈ ಬಿಗಿಯಾಗಿದೆ ಎಂದುಕೊಂಡ. ತಂಗಿಗೆ ಇನ್ನೊಂದು ಚಾಳಿ. ರಿಪೇರಿಯಾದ ಗಾಡಿಯ ಬೋಲ್ಟುಗಳ ತಲೆಗೆ ಒಂದೊಂದು ಹಳದಿ ಬಣ್ಣದ ಚುಕ್ಕೆ ಇಡುವುದು.

"ಇದೇನೇ, ಬೋಲ್ಟಿಗೂ ಬೊಟ್ಟು?"

"ನಮ್ಮ ಗ್ಯಾರೇಜಿನ ಗುರುತು ಅಣ್ಣ. ಇರಲಿ ಬಿಡು, ಚೆನ್ನಾಗಿ ಕಾಣತ್ತೆ."

ಇರಲಿ ಎಂದು ಬಿಟ್ಟಿದ್ದ. ಅವಳು ಬಣ್ಣ ಬಳಿಯುವುದನ್ನು ನೋಡುತ್ತ ನಿಲ್ಲಲು ಅವನಿಗೆ ಪುರುಸೊತ್ತೆಲ್ಲಿ.

ಇಂಥವನ ನಿದ್ದೆ ಕೆಡಿಸಿದ್ದು ನರ್ಸಮ್ಮನ ಹಳೆಯ ಕಾರು. ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಆಕೆಗೆ ಆ ಕಾರೇ ಕೈಕಾಲು. ಅದರ ಎಂಜಿನ್ನಿನ ಮೂತಿಯಲ್ಲಿ ಆಯಿಲ್ ಸೀಲ್ ಒಸರುತ್ತಿತ್ತು. ಎಂಜಿನ್ನಿನೊಳಗೆ ತಿರುಗುವ ದಪ್ಪ ದಂಡ ಹೊರಗೆ ತಲೆ ಹಾಕುವ ಕಡೆ ಒಂದು ರಬ್ಬರಿನ ಉಂಗುರ ಇರುತ್ತದೆ, ಅದೇ ಸೀಲು. ದಂಡ ತಿರುಗುತ್ತಿರಬೇಕು, ಎಣ್ಣೆ ಮಾತ್ರ ಒಳಗೇ ಇರಬೇಕು, ಇಷ್ಟೇ ಅದರ ಕೆಲಸ. ನೋಡಲು ಬಳೆಯಷ್ಟಿದ್ದರೂ ಅದರ ತುಟಿ ಕಾಗದದಷ್ಟು ತೆಳು. ಕೂರಿಸುವಾಗ ಕೈ ಒಂಚೂರು ವಾಲಿದರೆ ತುಟಿ ಮಡಚಿಕೊಳ್ಳುತ್ತದೆ, ಮತ್ತೆ ಎಣ್ಣೆ ತೊಟ್ಟಿಕ್ಕುತ್ತದೆ. ಮೇಸ್ತ್ರಿ ತನ್ನ ಜೀವಮಾನದಲ್ಲಿ ಇಂಥ ಸೀಲುಗಳನ್ನು ಸಾವಿರಗಟ್ಟಲೆ ಕೂರಿಸಿದ್ದ. ಈ ಕಾರಿಗೆ ಹನ್ನೆರಡು ದಿನದ ಹಿಂದೆ ಹೊಸದು ಹಾಕಿದ. ಒಸರಿತು. ಐದು ದಿನದ ಹಿಂದೆ ಇನ್ನೊಂದು ಹಾಕಿದ. ಅದೂ ಒಸರಿತು.

"ಮೇಸ್ತ್ರಿ, ಬೇಜಾರು ಮಾಡ್ಕೋಬೇಡಿ, ಮತ್ತೆ ಕೆಳಗೆ ಎಣ್ಣೆ ಬಿದ್ದಿದೆ" ಎಂದು ನರ್ಸಮ್ಮ ಫೋನಿನಲ್ಲಿ ಮೆಲ್ಲಗೆ ಹೇಳಿದರು. ಬೈದಿದ್ದರೆ ವಾಸಿಯಿತ್ತು. ಆ ಮೆಲ್ಲನೆಯ ದನಿ ಕೇಳಿದ ಮೇಲೆ ಅವನು ರಾತ್ರಿಯ ಊಟವನ್ನು ಅರ್ಧಕ್ಕೇ ಬಿಟ್ಟು ಎದ್ದ. ಸೀಲಿನದೇನೂ ತಪ್ಪಿಲ್ಲ, ಕೈಯೇ ಕೈಕೊಟ್ಟಿದೆ ಎಂಬುದು ಅವನಿಗೆ ಖಾತ್ರಿಯಾಗಿತ್ತು.

ಮರುದಿನ ಬೆಳಿಗ್ಗೆ ಗ್ಯಾರೇಜಿನ ಬಾಗಿಲು ತೆಗೆಯುತ್ತಲೇ ತಂಗಿಗೆ ಹೇಳಿಬಿಟ್ಟ.

"ಇದೊಂದು ಸಲ ನೋಡ್ತೀನಿ. ಮೂರನೇದೂ ಒಸರಿದ್ರೆ ನಾನಿನ್ನು ಸ್ಪ್ಯಾನರ್ ಮುಟ್ಟಲ್ಲ. ಗ್ಯಾರೇಜು ನೀನೇ ನೋಡ್ಕೋ."

"ಮುಟ್ಟದೆ ಏನ್ಮಾಡ್ತೀಯ? ಮನೇಲಿ ಕೂರ್ತೀಯಾ? ನೀನು? ಅತ್ತಿಗೆ ಎರಡೇ ದಿನಕ್ಕೆ ನಿನ್ನ ಆಟೋಗೆ ಹತ್ತಿಸಿ ಇಲ್ಲಿಗೇ ವಾಪಸ್ ಕಳಿಸ್ತಾಳೆ."

"ತಮಾಷೆ ಅಲ್ಲ ಕಣೇ."

ತಂಗಿ ಅವನ ಮುಖ ನೋಡಿದಳು. ತಮಾಷೆ ಅಲ್ಲ ಎಂದು ಅವಳಿಗೂ ಗೊತ್ತಾಯಿತು. ಮನೆಯ ಕಿಟಕಿಯ ಪಕ್ಕ ಅವನಿಗೆಂದೇ ಅಳಿಯ ತಂದಿಟ್ಟ ಒಂದು ಬೆತ್ತದ ಕುರ್ಚಿಯಿತ್ತು. 'ಮಾವ, ಆರಾಮಾಗಿ ಕೂತ್ಕೊಳಿ' ಎಂದು ಪ್ರೀತಿಯಿಂದಲೇ ತಂದಿದ್ದ. ಮೇಸ್ತ್ರಿ ಈವರೆಗೆ ಅದರಲ್ಲಿ ಕೂತಿರಲಿಲ್ಲ. ಅದರ ಮೇಲೆ ಒಗೆದ ಬಟ್ಟೆ ಹಾಕುತ್ತಿದ್ದರು. ಆ ಕುರ್ಚಿ ತನಗಾಗಿ ಕಾಯುತ್ತಿದೆ ಎಂದು ನೆನೆದರೆ ಅವನಿಗೆ ನಿಜವಾಗಿ ಹೆದರಿಕೆಯಾಗುತ್ತಿತ್ತು. ಸಾವಿಗೆ ಅವನು ಅಷ್ಟು ಹೆದರಿದವನಲ್ಲ.

ಒಂಬತ್ತು ಗಂಟೆಗೆ ಕಾರು ಬಂತು. ನರ್ಸಮ್ಮನಿಗೆ ಆಸ್ಪತ್ರೆಯಲ್ಲಿ ಮೀಟಿಂಗು, ಹಾಗಾಗಿ ಕಾರು ತಂದವನು ಆಕೆಯ ಗಂಡ, ಟೈಲರ್. ತೆಳ್ಳನೆಯ, ಅಚ್ಚುಕಟ್ಟಾದ ಮನುಷ್ಯ. ಕತ್ತಿನಲ್ಲಿ ಅಳತೆಯ ಟೇಪು ನೇತಾಡುತ್ತಿತ್ತು. ಅದನ್ನು ತೆಗೆದಿಡುವುದು ಅವನಿಗೆ ನೆನಪಿಗೆ ಬರುತ್ತಿರಲಿಲ್ಲವೋ, ತೆಗೆದರೆ ಬೆತ್ತಲೆ ಎನ್ನಿಸುತ್ತಿತ್ತೋ ಗೊತ್ತಿಲ್ಲ. ಬಾಗಿಲ ಪಕ್ಕದ ಬೆಂಚಿನ ಮೇಲೆ ಕರವಸ್ತ್ರ ಹಾಸಿ ಕೂತ. ಚೀಲದಿಂದ ಹೆಂಡತಿಯ ಬಿಳಿ ಕೋಟು ತೆಗೆದು ಗುಂಡಿಗೆ ಕಾಜಾ ಹೊಲಿಯತೊಡಗಿದ.

ಮೇಸ್ತ್ರಿ ಆಗಲೇ ಬಾನೆಟ್ ಎತ್ತಿ ಬೆಲ್ಟಿಗೆ ಕೈ ಹಾಕಿದ್ದ. ತಂಗಿ ಅಡ್ಡ ಬಂದಳು.

"ತಾಳು. ಸ್ಟಾರ್ಟ್ ಮಾಡಿ ನೋಡೋಣ ಮೊದಲು."

"ನೋಡೋದೇನಿದೆ? ಸೀಲ್ ಒಸರ್ತಿದೆ, ಕಣ್ಣಿಗೆ ಕಾಣ್ತಿದೆಯಲ್ಲ."

"ಎರಡು ಸಲ ಬಿಚ್ಚಿದೀಯ. ಒಂದು ಸಲಾನೂ ನಿಂತು ನೋಡಿಲ್ಲ."

ಮೇಸ್ತ್ರಿ ಗೊಣಗುತ್ತ ಹಿಂದೆ ಸರಿದ. ಎಂಜಿನ್ ಶುರುವಾಯಿತು. ತಂಗಿ ಸುಮ್ಮನೆ ನಿಂತು ಕೇಳಿಸಿಕೊಂಡಳು. ಅಷ್ಟು ಹೊತ್ತಿನಲ್ಲಿ ಅಣ್ಣ ಕಾರನ್ನು ಎರಡು ಸುತ್ತು ಹಾಕಿದ, ಟಯರಿಗೆ ಒಂದು ಒದೆ ಕೊಟ್ಟ, ಬಿದ್ದಿದ್ದ ನಟ್ಟೊಂದನ್ನು ಎತ್ತಿ ಜೇಬಿಗೆ ಹಾಕಿಕೊಂಡ. ಆಮೇಲೆ ಅವಳು ಎಣ್ಣೆಯ ಮಟ್ಟ ನೋಡುವ ಕಡ್ಡಿಯನ್ನು ಮೇಲೆಳೆದಳು. ಪುಸ್ ಎಂದು ಗಾಳಿಯ ಜೊತೆ ಎಣ್ಣೆ ಚಿಮ್ಮಿ ಅವಳ ತೋಳಿಗೆ ಸಿಡಿಯಿತು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಎಂಜಿನ್ನಿನ ಹೊಟ್ಟೆಯೊಳಗೆ ಗಾಳಿ ಕಟ್ಟಿಕೊಂಡಿತ್ತು. ಹಳೆಯ ಎಂಜಿನ್ನುಗಳಿಗೆ ಆ ಗಾಳಿ ಹೊರಗೆ ಬಿಡಲೆಂದು ಪಕ್ಕದಲ್ಲಿ ಒಂದು ಕೊಳವೆ ಇಳಿಬಿಟ್ಟಿರುತ್ತದೆ. ಉಸಿರುಪೈಪು ಎಂದು ಅಪ್ಪ ಕರೆಯುತ್ತಿದ್ದ. ಅದು ಮುಚ್ಚಿಕೊಂಡರೆ ಒಳಗಿನ ಒತ್ತಡ ಎಣ್ಣೆಯನ್ನು ಸೀಲಿನ ಮೂಲಕ ತಳ್ಳುತ್ತದೆ. ಹತ್ತು ಸೀಲು ಬದಲಿಸಿದರೂ ಹತ್ತೂ ಒಸರುತ್ತವೆ.

ಎಂಜಿನ್ ನಿಲ್ಲಿಸಿದ್ದೇ ಮೇಸ್ತ್ರಿ ನೆಲಕ್ಕೆ ಬಿದ್ದು ಕಾರಿನಡಿ ತೂರಿದ. ಕೊಳವೆಯನ್ನು ಕೈಯಲ್ಲೇ ಸವರುತ್ತ ಬಂದ. ತುದಿಯಲ್ಲಿ ಕಪ್ಪಗೆ ಒಂದು ಟೊಪ್ಪಿ. ಹಿಂದಿನ ಎರಡು ಸಲವೂ ಅದು ಅವನ ಕಣ್ಣಿಗೆ ಬಿದ್ದಿತ್ತು. ಕಾರಿನ ಜೊತೆಗೇ ಬಂದ ಸಾಮಾನು ಎಂದುಕೊಂಡಿದ್ದ. ಈಗ ಬೆರಳಿಗೆ ಏನೋ ಸಾಲಾಗಿ ತಗುಲಿತು. ಹೊಲಿಗೆ!

ಅವನು ಹೊರಗೆ ಬಂದಾಗ ಅಂಗೈಯಲ್ಲಿ ಅದು ಕೂತಿತ್ತು. ರೇನ್‌ಕೋಟಿನ ಬಟ್ಟೆ, ಎರಡು ಪದರ, ಜೋಡಿ ಹೊಲಿಗೆ, ಬಾಯಿಗೆ ಎಲಾಸ್ಟಿಕ್ಕು, ಮೇಲೊಂದು ದಾರದ ಗಂಟು. ಅಷ್ಟು ಚೆಂದದ ಟೊಪ್ಪಿಯನ್ನು ಮೇಸ್ತ್ರಿ ತಾನೂ ಹಾಕಿಕೊಂಡಿರಲಿಲ್ಲ.

"ಟೈಲರ್ರೇ, ಇದು..."

ಟೈಲರ್ ಸೂಜಿಯಿಂದ ತಲೆ ಎತ್ತಿದ. ಮುಖದಲ್ಲಿ ಸಣ್ಣ ಹೆಮ್ಮೆ ಕಾಣಿಸಿತು. "ನಾನೇ ಹೊಲಿದಿದ್ದು. ಆ ಪೈಪಿಂದ ಎಣ್ಣೆ ತುಂತುರು ಬೀಳ್ತಿತ್ತು ಮೇಸ್ತ್ರಿ. ಕಾರು ನಿಲ್ಲೋದು ನನ್ನ ಅಂಗಡಿ ಮುಂದೆ, ಗಿರಾಕಿಗಳ ಬಟ್ಟೆಗೆಲ್ಲ ಕಲೆ. ಅದಕ್ಕೇ ಒಂದು ಕವರ್ ಮಾಡಿ ಹಾಕ್ದೆ. ತಿಂಗಳಾಯ್ತು. ಒಂದು ತೊಟ್ಟೂ ಬಿದ್ದಿಲ್ಲ ಅಲ್ಲಿಂದ."

"ಅಲ್ಲಿಂದ ಬಿದ್ದಿಲ್ಲ" ಎಂದಳು ತಂಗಿ. ಅಷ್ಟೇ ಹೇಳಿ, ತಡೆಯಲಾರದೆ ನಕ್ಕುಬಿಟ್ಟಳು. ಮೇಸ್ತ್ರಿಯೂ ಹೊಟ್ಟೆ ಹಿಡಿದುಕೊಂಡು ನಕ್ಕ. ಮೂಗು ಬಾಯಿ ಕಟ್ಟಿದರೆ ಎಂಜಿನ್ನು ಪಾಪ ಎಲ್ಲಿಂದ ಉಸಿರು ಬಿಡಬೇಕು ಎಂದು ತಂಗಿ ಬಿಡಿಸಿ ಹೇಳಿದಾಗ ಟೈಲರನ ಮುಖ ಸಣ್ಣಗಾಯಿತು. "ಅಯ್ಯೋ, ಎರಡು ಸಲ ನಿಮಗೆ ಸುಮ್ಮನೆ ಕೆಟ್ಟ ಹೆಸರು ತಂದೆನಲ್ಲ" ಎಂದು ಟೇಪನ್ನು ಹಿಂಡಿದ. ಪೈಪಿನ ಬಾಯಿ ಕಟ್ಟಬೇಡಿ, ಕೆಳಗೊಂದು ಡಬ್ಬಿ ನೇತುಹಾಕಿದರೆ ಸಾಕು ಎಂದು ತಂಗಿ ಸಮಾಧಾನ ಮಾಡಿ, ಡಬ್ಬಿ ಹುಡುಕಲು ಹಿಂದಕ್ಕೆ ಹೋದಳು.

ಕೈಯದಲ್ಲ ತಪ್ಪು! ಮೇಸ್ತ್ರಿಗೆ ಕುಣಿಯಬೇಕು ಎನ್ನಿಸಿತು. ಎರಡು ವಾರದ ಭಾರ ಒಂದೇ ಸಲಕ್ಕೆ ಇಳಿದಿತ್ತು. ಕುರ್ಚಿಗೆ ಬಟ್ಟೆಯೇ ಗತಿ ಎಂದುಕೊಳ್ಳುತ್ತ ಬೆಲ್ಟು ಬಿಚ್ಚಿದ, ಬೆಲ್ಟು ಓಡುವ ಗಾಲಿಯನ್ನು ಕಳಚಿದ, ಒತ್ತಡಕ್ಕೆ ಉಬ್ಬಿಹೋಗಿದ್ದ ಸೀಲನ್ನು ಕೊಕ್ಕೆ ಹಾಕಿ ಕಿತ್ತ. ಕೂರುವ ಗುಳಿಯನ್ನು ಒರೆಸಿದ. ಹೊಸ ಸೀಲಿನ ತುಟಿಗೆ ಎಣ್ಣೆ ಸವರಿ ಎಡಗೈಯಿಂದ ಬಲಗೈಗೆ ತೆಗೆದುಕೊಂಡು ದಂಡದ ಹತ್ತಿರ ಒಯ್ದ.

ಸುದ್ದಿ ಕೈಗೆ ಮುಟ್ಟಿರಲಿಲ್ಲ. ಅದು ನಡುಗಿತು. ಯಾವತ್ತಿಗಿಂತ ಜಾಸ್ತಿಯೇ ನಡುಗಿತು. ಸೀಲಿನ ಅಂಚು ದಂಡಕ್ಕೆ ಟಕಟಕ ತಾಗಿತು. ಉಸಿರು ಬಿಗಿಹಿಡಿದು ಇನ್ನೊಂದು ಸಲ ನೋಡಿದ. ಆಗಲಿಲ್ಲ. ಇದೊಂದೇ ಸೀಲು ಉಳಿದಿದ್ದು. ತುಟಿಗೆ ಗೀರು ಬಿದ್ದರೆ ತಪ್ಪನ್ನು ಈಗ ಪೈಪಿನ ಮೇಲೂ ಹಾಕುವಂತಿಲ್ಲ, ಟೊಪ್ಪಿಯ ಮೇಲೂ ಹಾಕುವಂತಿಲ್ಲ. ಬೆವರು ಕಣ್ಣಿಗಿಳಿಯಿತು. ಎದ್ದು ಎಲ್ಲಿಗಾದರೂ ಓಡಿಹೋಗಬೇಕು ಎನ್ನಿಸಿತು.

"ಉಸಿರು ಹಿಡೀಬೇಡಿ" ಎಂದು ಯಾರೋ ಕಿವಿಯ ಹತ್ತಿರ ಹೇಳಿದರು.

ಟೈಲರ್ ಪಕ್ಕಕ್ಕೆ ಬಂದು ಬಗ್ಗಿದ್ದ. ದನಿ ತಗ್ಗಿಸಿ, "ನನಗೂ ಇದೆ ಮೇಸ್ತ್ರಿ. ಎಂಟು ವರ್ಷ ಆಯ್ತು" ಎಂದ.

ಮೇಸ್ತ್ರಿ ಕೈ ಹಿಂದಕ್ಕೆಳೆದುಕೊಂಡ. ಒರೆಸುವ ಬಟ್ಟೆ ಎಲ್ಲಿದೆ ಎಂದು ನೋಡಿದ. ದೂರದಲ್ಲಿತ್ತು.

"ಸೂಜಿಗೆ ದಾರ ಪೋಣಿಸುವಾಗ ಉಸಿರು ಕಟ್ಟಿದ್ರೆ ಕೈ ಇನ್ನೂ ನಡುಗತ್ತೆ. ಬಿಡ್ತಾ ಬಿಡ್ತಾ ಪೋಣಿಸ್ಬೇಕು. ಮತ್ತೆ ಎರಡೂ ಕೈಯ ಕಿರುಬೆರಳು ಒಂದಕ್ಕೊಂದು ಆನಿಸಿ, ಹೀಗೆ. ಆಗ ನಡುಗಿದ್ರೂ ಎರಡೂ ಒಟ್ಟಿಗೆ ನಡುಗ್ತಾವೆ, ಜಗಳ ಇರಲ್ಲ." ಅವನು ಸೂಜಿ ದಾರ ಎತ್ತಿ ತೋರಿಸಿದ. ದಾರ ಒಂದೇ ಏಟಿಗೆ ಒಳಗೆ ಹೋಯಿತು.

ಎಂಜಿನ್ನಿನ ಉಸಿರು ಕಟ್ಟಿದವನು ತನಗೆ ಉಸಿರು ಬಿಡಲು ಹೇಳಿಕೊಡುತ್ತಿದ್ದಾನಲ್ಲ ಎಂದು ಮೇಸ್ತ್ರಿಗೆ ಒಂದು ಕ್ಷಣ ನಗು ಬಂತು. ನಗುವಿನ ಜೊತೆಗೇ ಉಸಿರೂ ಹೊರಬಿತ್ತು. ಕಿರುಬೆರಳುಗಳನ್ನು ಕೂಡಿಸಿದ. ಸೀಲು ದಂಡದ ಮೇಲೆ ಮೆತ್ತಗೆ ಏರಿತು. ಹಳೆಯ ಬೇರಿಂಗಿನ ಉಂಗುರವನ್ನು ಅದರ ಮೇಲಿಟ್ಟು, ಸುತ್ತಿಗೆಯಿಂದ ಸುತ್ತಲೂ ಸಮನಾಗಿ ತಟ್ಟುತ್ತ ಬಂದ. ಕೊನೆಗೆ ಸದ್ದು ಬದಲಾಯಿತು, ಟೊಳ್ಳು ಹೋಗಿ ಗಟ್ಟಿಯಾಯಿತು. ಸೀಲು ನೆಟ್ಟಗೆ ಕೂತಿತ್ತು.

ಗಾಲಿ ಹಾಕಿ ಅದರ ನಡುವಿನ ದೊಡ್ಡ ಬೋಲ್ಟನ್ನು ಉದ್ದ ಹಿಡಿಯ ಸ್ಪ್ಯಾನರಿನಿಂದ ಎಳೆದೆಳೆದು ಬಿಗಿದ. ಅಷ್ಟರಲ್ಲಿ ತಂಗಿ ಬಂದು ಪಕ್ಕದಲ್ಲಿ ನಿಂತಿದ್ದಳು.

"ಆಯ್ತಾ? ಹೋಗು, ಕೈ ತೊಳ್ಕೊಂಡು ಬಾ."

"ಇಲ್ಲ. ಇವತ್ತು ಇದು ಒಸರತ್ತೋ ಇಲ್ವೋ ನಾನೇ ಕಣ್ಣಾರೆ ನೋಡ್ಬೇಕು. ಇಲ್ಲೇ ಇರ್ತೀನಿ."

"ಕೈಯೆಲ್ಲ ಮಸಿ. ತೊಳ್ಕೊಂಡು ಬಂದು ನೋಡು."

"ಆಮೇಲೆ ತೊಳ್ಕೊಂಡ್ರಾಯ್ತು."

"ಹೋಗು ಅಂದೆನಲ್ಲ ಅಣ್ಣ!"

ಅವಳ ದನಿಯಲ್ಲಿದ್ದ ಅವಸರ ಕೇಳಿ ಅವನಿಗೆ ಆಶ್ಚರ್ಯವಾಯಿತು. ಅವಸರ ಈ ಮನೆಯಲ್ಲಿ ಅವನ ಪಾಲಿನದು. ತಿರುಗಿ ನೋಡಿದ. ಅವಳ ಎರಡೂ ಕೈ ಬೆನ್ನ ಹಿಂದಿದ್ದವು. ಬೆನ್ನ ಹಿಂದಿನಿಂದ ಟಾರ್ಕ್ ವ್ರೆಂಚಿನ ಹಿಡಿ ಇಣುಕುತ್ತಿತ್ತು. ಬಿಗಿ ಸಾಕಾದಾಗ ಕಟ್ ಎಂದು ಸದ್ದು ಮಾಡುವ ಆ ಸ್ಪ್ಯಾನರನ್ನು ಅವಳು ಕೊಂಡು ತಂದಾಗ, ಅದು ಅಂಜುಬುರುಕರ ಸಾಮಾನು, ನನ್ನ ಕೈಗೇ ಬಿಗಿ ಗೊತ್ತು ಎಂದು ಅವನು ನಕ್ಕಿದ್ದ. ಇನ್ನೊಂದು ಕೈಯಲ್ಲಿ ಬಣ್ಣದ ಡಬ್ಬಿ. ಹಳದಿ.

ಮೇಸ್ತ್ರಿ ಗೋಡೆಯ ಪಕ್ಕಕ್ಕೆ ನೋಡಿದ. ನೆನ್ನೆ ರಿಪೇರಿಯಾಗಿ ನಿಂತಿದ್ದ ಇನ್ನೊಂದು ಕಾರಿನ ಚಕ್ರದ ನಟ್ಟುಗಳನ್ನು ನೋಡಿದ. ನಾಲ್ಕು ನಟ್ಟು, ನಾಲ್ಕು ಹಳದಿ ಚುಕ್ಕೆ.

"ಎಷ್ಟು ದಿನದಿಂದ?" ಎಂದ.

ತಂಗಿ ಕೈಗಳನ್ನು ಮುಂದಕ್ಕೆ ತಂದಳು. "ಹೋದ ವರ್ಷ ಆ ಬಿಳಿ ವ್ಯಾನಿತ್ತಲ್ಲ, ಅದರ ಚಕ್ರದ ನಟ್ಟು ಸಡಿಲ ಇತ್ತು. ನೀನು ನಲ್ಲಿ ಹತ್ರ ಇದ್ದೆ. ನಾನು ಬಿಗಿದೆ. ಆವತ್ತಿಂದ."

"ಎಲ್ಲಾ ಗಾಡೀದೂನಾ?"

"ಎಲ್ಲಾ."

"ನನಗ್ಯಾಕೆ ಹೇಳಲಿಲ್ಲ?"

"ನೀನು ನಿಂತ್ರೆ ತಾನೇ ಹೇಳೋದು!" ಎಂದಳು. ಅವಳ ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಮಾತ್ರ ಜಗಳವೇ ಇತ್ತು. "ಬೋಲ್ಟು ನಾನು ನೋಡ್ಕೋತೀನಿ ಅಣ್ಣ. ಸೀಲಿಗೆ ಚುಕ್ಕೆ ಇಡಕ್ಕಾಗಲ್ಲ. ಒಳಗೆ ಹೋದ್ಮೇಲೆ ಮುಗೀತು. ಈ ಹನ್ನೆರಡು ದಿನ ನಿದ್ದೆ ಬಂದಿಲ್ಲ ನನಗೆ."

ಸಿಟ್ಟು ಬಂತು ಅವನಿಗೆ. ನಾಚಿಕೆಯೂ ಆಯಿತು. ಒಂದು ವರ್ಷ ತಾನು ಬೆನ್ನು ತಿರುಗಿಸಿದಾಗಲೆಲ್ಲ ಇವಳು ತನ್ನ ಕೆಲಸ ತಿದ್ದುತ್ತಿದ್ದಳು, ಜನ ಮಾತ್ರ ಕೈಗುಣ ಕೈಗುಣ ಎಂದು ತನ್ನನ್ನೇ ಹೊಗಳುತ್ತಿದ್ದರು. ಆಮೇಲೆ ಅರ್ಧ ಲೋಟ ಟೀ ನೆನಪಾಯಿತು.

"ನಿನ್ನ ಅತ್ತಿಗೆಗೂ..."

"ಅರ್ಧ ಲೋಟ ಯಾರ ಐಡಿಯಾ ಅಂದ್ಕೊಂಡೆ? ತುಂಬಿದ ಲೋಟ ಎಷ್ಟು ಸಲ ಚೆಲ್ಲಿದೀಯ, ಲೆಕ್ಕ ಇದೆಯಾ ನಿನಗೆ?"

ಟೈಲರ್ ಬೆಂಚಿನ ಮೇಲೆ ಕಾಜಾದೊಳಗೇ ಮುಖ ಹುದುಗಿಸಿ ಕೂತಿದ್ದ.

"ನೋಡು ಹಾಗಾದ್ರೆ" ಎಂದು ಮೇಸ್ತ್ರಿ ಪಕ್ಕಕ್ಕೆ ಸರಿದ. "ನನ್ನ ಮುಂದೇನೇ ನೋಡು."

ಅವಳು ಟಾರ್ಕ್ ವ್ರೆಂಚನ್ನು ಗಾಲಿಯ ಬೋಲ್ಟಿಗೆ ಹಾಕಿ ಎಳೆದಳು. ಕಟ್ ಎಂದೀತು ಎಂದು ಅವನು ಕಾದ. ಎನ್ನಲಿಲ್ಲ. ಬೋಲ್ಟು ತಿರುಗಿತು. ಕಾಲು ಸುತ್ತು ಪೂರಾ ತಿರುಗಿದ ಮೇಲೆ ಕಟ್ ಎಂದಿತು. ಆ ಕಾಲು ಸುತ್ತನ್ನು ಅವನು ಕಣ್ಣು ಮಿಟುಕಿಸದೆ ನೋಡಿದ. ಅವಳು ಬಗ್ಗಿ ಕುಂಚ ಎತ್ತಿಕೊಂಡಳು.

"ಚುಕ್ಕೆ ಆಮೇಲೆ" ಎಂದ. "ಮೊದಲು ಸ್ಟಾರ್ಟ್ ಮಾಡು. ಸೀಲ್ ನಂದು, ಅದೇನಾಗಿದೆ ನೋಡೋಣ."

ಬೆಲ್ಟು ಏರಿಸಿ, ಉಸಿರುಪೈಪಿನ ಕೆಳಗೆ ಡಬ್ಬಿ ನೇತುಹಾಕಿದರು. ಎಂಜಿನ್ನಿನ ಮೂತಿಯ ಕೆಳಗೆ ನೆಲದ ಮೇಲೆ ಬಿಳಿ ಕಾಗದ ಹಾಸಿದರು. ಎಂಜಿನ್ ಓಡತೊಡಗಿತು. ಕಾಲು ಗಂಟೆ ಓಡಬೇಕು. ಬುಗುರಿ ಮೇಸ್ತ್ರಿ ಕೈ ಕಟ್ಟಿಕೊಂಡು, ಕಾಲು ಊರಿಕೊಂಡು, ಆ ಕಾಗದದ ಮುಂದೆ ನಿಂತ. ಐದು ನಿಮಿಷವಾಯಿತು. ಎರಡು ಸಲ ನಲ್ಲಿಯ ಕಡೆ ಮುಖ ತಿರುಗಿತು, ಕಾಲು ತಿರುಗಲಿಲ್ಲ. ಟಯರ್ ಅಂಗಡಿಯವನು ಹಾದುಹೋಗುತ್ತ ನಿಂತು ನೋಡಿದ. "ಏನಕ್ಕಾ, ಮೇಸ್ತ್ರಿಗೆ ಹುಷಾರಿಲ್ವಾ?" ಎಂದು ತಂಗಿಯನ್ನು ಕೇಳಿದ.

ಹದಿನೈದನೇ ನಿಮಿಷಕ್ಕೆ ಎಂಜಿನ್ ನಿಲ್ಲಿಸಿದರು. ಕಾಗದ ಬೆಳ್ಳಗೇ ಇತ್ತು. ಮೇಸ್ತ್ರಿ ಸೀಲಿನ ಸುತ್ತ ಬೆರಳಾಡಿಸಿ ಮೂಗಿನ ಹತ್ತಿರ ಹಿಡಿದ. ಒಣಗಿತ್ತು.

"ಸೀಲ್ ನಾನೇ ಕೂರಿಸ್ತೀನಿ" ಎಂದ, ಕಾಗದದ ಕಡೆಗೇ ನೋಡುತ್ತ. "ಬೋಲ್ಟು ಕೊನೇಲಿ ನೀನು. ನನ್ನ ಬೆನ್ನ ಹಿಂದೆ ಬೇಡ."

"ಸರಿ."

"ಟೀ ಮಾತ್ರ ಪೂರ್ತಿ ಲೋಟ ಬೇಕು ನನಗೆ. ಚೆಲ್ಲಿದ್ರೆ ಚೆಲ್ಲಲಿ."

"ಅದನ್ನ ಅತ್ತಿಗೆ ಹತ್ರ ಮಾತಾಡು. ನನ್ನ ಇಲಾಖೆ ಅಲ್ಲ." ಅವಳು ಕುಂಚ ಹಿಡಿದು, ಬಣ್ಣದ ಡಬ್ಬಿ ಎಲ್ಲಿಡುವುದೆಂದು ಅತ್ತ ಇತ್ತ ನೋಡಿದಳು. ಮೇಸ್ತ್ರಿ ಕೈ ಚಾಚಿದ. ಎಡಗೈಯಲ್ಲ, ಬಲಗೈ. ಡಬ್ಬಿ ಆ ಕೈಗೆ ಬಂದದ್ದೇ ಒಳಗಿನ ಬಣ್ಣ ತುಳುಕತೊಡಗಿತು. ಕುಂಚ ಅದ್ದಲು ಹೋದವಳು ಎರಡು ಸಲ ಗುರಿ ತಪ್ಪಿದಳು.

"ಅಲ್ಲಾಡಿಸ್ಬೇಡ ಅಣ್ಣ."

"ಅಲ್ಲಾಡಿಸದೆ ಇದ್ರೆ ಬಣ್ಣ ತಳ ಹಿಡಿಯುತ್ತೆ ಕಣೇ" ಎಂದ ಮೇಸ್ತ್ರಿ, ಅವಳು ಚುಕ್ಕೆ ಇಟ್ಟು ಮುಗಿಸುವವರೆಗೂ ಡಬ್ಬಿ ಹಿಡಿದುಕೊಂಡೇ ನಿಂತ.